ಮುಚ್ಚಳದ ಮೇಲಿನ ಕುಂಕುಮ

ಪ್ರಯೋಗಾಲಯದ ಹಳೆಯ ಗಾಜಿನ ಜಾಡಿಗಳಲ್ಲಿದ್ದ ಮಾದರಿಗಳನ್ನೆಲ್ಲ ನಾಳೆ ಸುಡಲು ಒಯ್ಯುತ್ತಾರೆಂದು ತಿಳಿದು ನಿವೃತ್ತ ಪ್ರೊಫೆಸರು ಕಾಲೇಜಿಗೆ ಬಂದರು. ಅವುಗಳಲ್ಲಿದ್ದ ಭ್ರೂಣಗಳನ್ನು ತೋರಿಸಿಯೇ ಅವರು ಜೀವಮಾನವಿಡೀ ಸಂತಾನೋತ್ಪತ್ತಿ ವಿಜ್ಞಾನ ಕಲಿಸಿದ್ದರು. ಈಗ ವಿಭಾಗದ ಮುಖ್ಯಸ್ಥೆ ಅವರದೇ ಶಿಷ್ಯೆ.

"ಆ ಮೂಲೆಯ ಜಾಡಿ ನನಗೆ ಕೊಡಮ್ಮ," ಎಂದರು.

ಐದು ತಿಂಗಳ ಹೆಣ್ಣು ಭ್ರೂಣ. ಮುಚ್ಚಳದ ಮೇಲೆ ಮಾಸಿದ ಕುಂಕುಮ.

"ಆಯುಧಪೂಜೆ ದಿನ ನಾವು ಮೈಕ್ರೋಸ್ಕೋಪಿಗೆ ಕುಂಕುಮ ಇಟ್ಟರೆ ರೇಗುತ್ತಿದ್ದಿರಿ ಸರ್. ಇದಕ್ಕೆ ಮಾತ್ರ ಪ್ರತಿ ವರ್ಷ ಯಾರು ಇಡುತ್ತಿದ್ದರು ಅಂತ ನಮಗೆ ಗೊತ್ತೇ ಆಗಲಿಲ್ಲ."

ಅವರು ಕರವಸ್ತ್ರದಿಂದ ಜಾಡಿಯ ಧೂಳು ಒರೆಸುತ್ತಿದ್ದರು.

"ಪಾಠಕ್ಕೆ ಅಂತ ಈಗ ಯಾರಿಗೂ ಕೊಡೋ ಹಾಗಿಲ್ಲ ಸರ್."

"ಪಾಠಕ್ಕಲ್ಲ. ಮಣ್ಣು ಮಾಡೋದಕ್ಕೆ."

"ಅದಕ್ಕೆ ತಂದೆ ತಾಯಿ ಬಂದು ಕೇಳಬೇಕು, ಸಹಿ ಹಾಕಬೇಕು. ಇಷ್ಟು ವರ್ಷದ ಮೇಲೆ ಅವರನ್ನು ಎಲ್ಲಿ ಅಂತ ಹುಡುಕೋದು?"

ಪ್ರೊಫೆಸರು ಜೇಬಿನಿಂದ ಪೆನ್ನು ತೆಗೆದರು.

"ತಾಯಿ ಹೋದ ವಾರ ತೀರಿಕೊಂಡಳಮ್ಮ. ನಾನೊಬ್ಬನೇ ಸಹಿ ಹಾಕಿದರೆ ಆಗತ್ತಾ?"