ಇನ್ನೊಂದು ಮುದ್ದೆ

ಮನಸ್ಸು ಕುಗ್ಗಿದವರ ಕಾಲು ನೆಲ ಬಿಡುವುದು ಆ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಹೊಸದೇನಲ್ಲ. ಗೆಳತಿ ಸುಮಿತ್ರ ಮೇಲಕ್ಕೆ ತೇಲಿಹೋಗದಂತೆ ದಾಕ್ಷಾಯಿಣಿ ಮೂರು ತಿಂಗಳಿಂದ ಅವಳನ್ನು ವೇಲಿನಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡೇ ತರಗತಿಗೂ ಡಾಕ್ಟರ ಹತ್ತಿರಕ್ಕೂ ಓಡಾಡುತ್ತಿದ್ದಳು. ಈಗೀಗ ದಾಕ್ಷಾಯಿಣಿಗೆ ಗೊಣಗಲೂ ತ್ರಾಣವಿರಲಿಲ್ಲ.

ಮಧ್ಯಾಹ್ನ ಮೆಸ್ಸಿನಲ್ಲಿ ಬಡಿಸುವ ಗೌರಕ್ಕ ಎಂದಿನಂತೆ ಸುಮಿತ್ರಳ ತಟ್ಟೆಗೆ ಎರಡು ರಾಗಿಮುದ್ದೆ ಹಾಕಿದರು. "ಹೊಟ್ಟೆ ಭಾರ ಆದ್ರೆ ಬೆಂಚ್ ಬಿಟ್ಟು ಮೇಲೇಳಲ್ಲ, ಉಣ್ಣವ್ವಾ."

"ಇದೊಂದು ತುತ್ತು ಉಣ್ಣೇ," ಎಂದು ದಾಕ್ಷಾಯಿಣಿ ತನ್ನ ಊಟ ಆರುತ್ತಿದ್ದರೂ ಗೋಗರೆದಳು.

ತಿಂಗಳಿಂದ ತುಟಿಪಿಟಕ್ಕೆನ್ನದ ಸುಮಿತ್ರ ಬೆಂಚಿನ ಕೆಳಗೆ ಬಗ್ಗಿ ನೋಡಿದಳು. ಆಮೇಲೆ ಒಂದು ಮುದ್ದೆ ಎತ್ತಿ ದಾಕ್ಷಾಯಿಣಿಯ ತಟ್ಟೆಗಿಟ್ಟು, ವೇಲಿನ ಗಂಟನ್ನು ಬಿಗಿಮಾಡಿದಳು.

"ಮೊದ್ಲು ನೀನು ಉಣ್ಣೇ. ನಿನ್ ಚಪ್ಪಲಿ ಎರಡೂ ನೆಲದ ಮೇಲೇ ಅವೆ ಕಣೇ, ಕಾಲು ಮಾತ್ರ ಇಲ್ಲ."