ಹದಿನಾಲ್ಕು ಇಂಚಿನ ಟೈರು

“ಒಳಗೊಮ್ಮೆ ನೋಡ್ಲಾ?” ಎಂದು ಕೇಳುವಷ್ಟರಲ್ಲಿ ರೊಸಾಲಿನ್ ಟೀಚರ್ ಟಾರ್ಚ್ ಹೊತ್ತಿಸಿಯಾಗಿತ್ತು. ಶಾಹುಲ್ ಬೇಡವೆನ್ನಲಿಲ್ಲ. ಒಂದೂವರೆ ವರ್ಷದಿಂದ ಬೇಡವೆಂದಿಲ್ಲ.

ತೊಕ್ಕೊಟ್ಟಿನ ಅವನ ಅಂಗಡಿಗೆ ‘ವೇಗಮಿತ್ರ’ದ ಹೊಸ ಲೋಡು ಬಂದಾಗಲೆಲ್ಲ ಟೀಚರ್ ಹಾಜರು. ವೇಗಮಿತ್ರವೆಂದರೆ ದೊಡ್ಡ ಕಂಪೆನಿಗಳ ಅರ್ಧ ಬೆಲೆಗೆ ಸಿಗುವ ಟೈರು. ಲೋಡು ಇಳಿದ ಕೂಡಲೇ ಶಾಹುಲನೇ ಫೋನು ಮಾಡುತ್ತಿದ್ದ. ಅವರು ಕಾವೂರಿನಿಂದ ಎರಡು ಬಸ್ಸು ಬದಲಿಸಿ, ದಾರಿಯಲ್ಲಿ ಹತ್ತು ಟೈರಂಗಡಿ ದಾಟಿ ಬರುತ್ತಿದ್ದರು. ಸವೆದ ಟೈರಿನಲ್ಲಿ ಕಾರು ಹೊರಗೆ ತೆಗೆಯಲು ಹೆದರಿಕೆಯಿರಬೇಕು ಎಂದು ಶಾಹುಲ್ ತಾನೇ ಅಂದುಕೊಂಡಿದ್ದ. ಯಾವ ಕಾರು ಎಂದು ಮೊದಲ ದಿನ ಕೇಳಿದಾಗ “ಹದಿನಾಲ್ಕು ಇಂಚಿನದ್ದು” ಎಂದಿದ್ದರು. ಅವನಿಗೆ ನಗು ಬಂದಿತ್ತು. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು, ಹೆಸರು ಮರೆತು ಅಳತೆ ನೆನಪಿಟ್ಟುಕೊಂಡಿದ್ದಾರೆ ಅಷ್ಟೆ.

ಗೋಡೆಗೆ ಒರಗಿಸಿದ ಟೈರುಗಳ ಮುಂದೆ ಮೊಣಕಾಲೂರಿ ಒಂದೊಂದರ ಒಳಗೂ ಬೆಳಕು ಬಿಟ್ಟು ನೋಡುವರು. ಆಮೇಲೆ ತಯಾರಾದ ವಾರ ಓದುವರು. ಹೊರಮೈಯ ನಾಲ್ಕು ಅಂಕೆಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ ಎಂದು ಕಲಿಸಿದವನು ಶಾಹುಲನೇ. ಹೋದ ತಿಂಗಳಿನ ಟೈರೆಂದು ತಿಳಿದರೆ ಅವರ ಮುಖ ಅರಳುತ್ತಿತ್ತು. ತಾಜಾ ಬಂಗುಡೆ ಮೀನು ಸಿಕ್ಕಿದವರ ಹಾಗೆ, ಎಂದುಕೊಳ್ಳುತ್ತಿದ್ದ ಅವನು.

“ತಗೊಳ್ಳಬಹುದಾ ಇದನ್ನು?” ಪ್ರತಿ ಸಲವೂ ಕೊನೆಗೆ ಅದೇ ಪ್ರಶ್ನೆ.

“ಬೇಡ ಟೀಚರ್. ಮಳೆಯಲ್ಲಿ ಜಾರ್ತದೆ. ಮೂವತ್ತು ಸಾವಿರ ಕಿಲೋಮೀಟರಿಗೆ ಬೋಳಾಗ್ತದೆ. ಮುಂದಿನ ಲೋಡು ನೋಡುವ.”

ಇದು ಪೂರ್ತಿ ನಿಜವಲ್ಲ. ಪೇಟೆಯೊಳಗೆ ನಿಧಾನವಾಗಿ ಓಡಿಸುವವರಿಗೆ ಆ ಟೈರು ಧಾರಾಳ ಸಾಕು. ಬೇರೆ ಗಿರಾಕಿಗಳಿಗೆ ಹಾಗೆ ಹೇಳಿಯೇ ಮಾರುತ್ತಿದ್ದ. ಆದರೆ ಟೀಚರ್ ಒಮ್ಮೆ ನಾಲ್ಕು ಟೈರು ಹಾಕಿಸಿಕೊಂಡರೆ ಮತ್ತೆ ನಾಲ್ಕು ವರ್ಷ ಈ ಕಡೆ ತಲೆ ಹಾಕುವುದಿಲ್ಲ. ಹೆಂಡತಿ ಮೈಮೂನಾ ತೀರಿಕೊಂಡ ಮೇಲೆ ಶಾಹುಲನ ಮನೆಯಲ್ಲಿ ಮಾತಾಡುವುದು ಟಿವಿ ಒಂದೇ. ತಿಂಗಳಿಗೊಮ್ಮೆ ಅರ್ಧ ಗಂಟೆ ತನ್ನ ಮಾತು ಕೇಳುವ ಒಬ್ಬರನ್ನು ಟೈರು ಮಾರಿ ಕಳೆದುಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ಅವರಿಗೆಂದೇ ಒಂದು ಕುರ್ಚಿ ಒರೆಸಿಡುತ್ತಿದ್ದ. ಅವರು ಒಮ್ಮೆಯೂ ಕೂತಿರಲಿಲ್ಲ.

ಇವತ್ತು ಮೇಜಿನ ಮೇಲೆ ಒಂದು ಕಂಪ್ಲೇಂಟ್ ಫಾರ್ಮ್ ಇತ್ತು. ಬೆಳಿಗ್ಗೆ ಹೊಸ ಲೋಡಿನ ಟೈರೊಂದಕ್ಕೆ ಗಾಳಿ ತುಂಬಿಸಿದಾಗ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಎದ್ದಿತ್ತು. ಬಿಚ್ಚಿ ಬದಿಗಿಟ್ಟಿದ್ದ.

“ಇದು ಒಡೆದರೆ ಎಂತ ಆಗ್ತದೆ?” ಟೀಚರ್ ಕೇಳಿದರು.

“ನೇತ್ರಾವತಿ ಸೇತುವೆ ಮೇಲೆ ಎಂಬತ್ತರಲ್ಲಿ ಒಡೆದರೆ ಕಥೆ ಮುಗೀತು. ಕಂಪೆನಿಗೆ ವಾಪಸ್ ಕಳಿಸ್ತೇನೆ. ಒಳಗೆ ನೀಲಿ ಮುದ್ರೆ ಉಂಟು, ನಿಮ್ಮ ಟಾರ್ಚಿನಲ್ಲಿ ನಂಬರ್ ನೋಡಿ ಹೇಳಿ.”

ಟೀಚರ್ ಬೆಳಕು ಬಿಟ್ಟರು. ತುಂಬ ಹೊತ್ತು ನೋಡಿದರು. “ಸರಿ ಕಾಣುವುದಿಲ್ಲ,” ಎಂದರು.

ಶಾಹುಲ್ ತಾನೇ ಬಗ್ಗಿದ. ಮುದ್ರೆ ಢಾಳಾಗಿಯೇ ಇತ್ತು. ನಲವತ್ತೇಳು ಎಂದು ಫಾರ್ಮಿನಲ್ಲಿ ಬರೆದುಕೊಂಡ.

“ನಂಬರ್ ಎಂತಕ್ಕೆ?”

“ಫ್ಯಾಕ್ಟರಿಯಲ್ಲಿ ನೋಡಿ ಪಾಸ್ ಮಾಡಿದವನದ್ದು. ಕಾಂಟ್ರಾಕ್ಟಿನವರು ಅಲ್ವಾ, ಒಂದು ಕಂಪ್ಲೇಂಟ್ ಹೋದ್ರೆ ಸಾಕು, ಮನೆಗೆ ಕಳಿಸ್ತಾರೆ.”

“ಎಲ್ಲರಿಗೂ ಮನೆ ಇರ್ತದಾ ಶಾಹುಲ್‌ರೇ?”

ಹೊರಗೆ ಕೇರಳದ ಕಡೆಯ ಲಾರಿಗಳು ಸಾಲಾಗಿ ಹೋದವು. ಟೀಚರ್ ಚೀಲದಿಂದ ಪರ್ಸು ತೆಗೆದರು.

“ಈ ಟೈರು ನನಗೆ ಕೊಡಿ. ಪೂರ್ತಿ ರೇಟು ತಗೊಳ್ಳಿ. ಆ ಫಾರ್ಮ್ ಮಾತ್ರ ಹರಿದುಹಾಕಿ.”

ಶಾಹುಲ್ ಪೆನ್ನು ಕೆಳಗಿಟ್ಟ. ಕಾವೂರಿನಲ್ಲಿ ಒಬ್ಬರೇ ಇರುವುದು, ಕ್ರಿಸ್ಮಸ್ಸಿಗೂ ಯಾರೂ ಬರುವುದಿಲ್ಲ ಎಂದು ಅವರೇ ಒಮ್ಮೆ ಹೇಳಿದ್ದರು. ಅಂಗಡಿ ತುಂಬ ಒಳ್ಳೆಯ ಟೈರುಗಳಿರುವಾಗ ಒಡೆಯುವ ಟೈರೇ ಬೇಕೆನ್ನುವವರು ಹೊರಟಿರುವುದಾದರೂ ಎಲ್ಲಿಗೆ? ಒಂದೂವರೆ ವರ್ಷ ಮೊಣಕಾಲೂರಿ ಹುಡುಕುತ್ತಿದ್ದುದು ಇದನ್ನೇ! ತನ್ನ ಒಂಟಿತನವನ್ನೇ ನೋಡಿಕೊಂಡು ಕೂತವನಿಗೆ ಅವರದ್ದು ಕಣ್ಣಿಗೆ ಬೀಳಲೇ ಇಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಟೈರನ್ನು ಬೆನ್ನ ಹಿಂದೆ ತಳ್ಳಿ ಅಡ್ಡ ನಿಂತ.

“ಕೊಡುವುದಿಲ್ಲ. ಹತ್ತು ಪಟ್ಟು ಕೊಟ್ಟರೂ ಕೊಡುವುದಿಲ್ಲ. ಸಾಯ್ಲಿಕ್ಕೆ ನನ್ನ ಅಂಗಡಿಯ ಟೈರೇ ಬೇಕಾ ನಿಮಗೆ?” ಅವನು ಕೈ ಚಾಚಿದ. “ಮೊದಲು ಆ ಕಾರಿನ ಕೀ ಕೊಡಿ ಇಲ್ಲಿ. ನೀವು ಇನ್ನು ಕಾರು ಓಡಿಸುವುದು ಬೇಡ. ಎಲ್ಲಿಗೆ ಹೋಗ್ಲಿಕ್ಕುಂಟು ಹೇಳಿ, ನಾನು ಬಿಡ್ತೇನೆ.”

ಟೀಚರ್ ಅವನನ್ನೇ ನೋಡಿದರು. ಅವರಿಗಾಗಿ ಯಾರಾದರೂ ಹೆದರಿ ಬಹಳ ಕಾಲವಾಗಿತ್ತೇನೋ. ಟಾರ್ಚ್ ಆರಿಸಿ, ಮೊದಲ ಬಾರಿಗೆ ಆ ಕುರ್ಚಿಯಲ್ಲಿ ಕೂತರು.

“ಎಂತ ಕೀ ಮಾರಾಯ್ರೇ, ನನ್ನಲ್ಲಿ ಕಾರೇ ಇಲ್ಲ,” ಎಂದರು. “ನಲವತ್ತೇಳು ನನ್ನ ತಮ್ಮ ರೂಬನ್. ಜಗಳ ಮಾಡಿ ನಾನೇ ಮನೆಯಿಂದ ಹೊರಗೆ ಹಾಕಿದವ. ವೇಗಮಿತ್ರ ಕಂಪೆನಿಯಲ್ಲಿ ಕೆಲಸ ಸಿಕ್ಕಿತು, ನನ್ನ ಮುದ್ರೆಯ ನಂಬರ್ ಇದು ಅಂತ ಒಂದೇ ಒಂದು ಕಾಗದ ಬರೆದ. ನಾನು ಬರೆದ ಯಾವುದಕ್ಕೂ ಉತ್ತರ ಇಲ್ಲ. ಅವ ಹೋದ ತಿಂಗಳೂ ಬದುಕಿದ್ದ ಅಂತ ನನಗೆ ಗೊತ್ತಾಗುವುದು ನಿಮ್ಮ ಟೈರಿನ ಒಳಗೆ ನೋಡಿದಾಗ ಮಾತ್ರ.”