ನಾಲ್ಕನೇ ಚಿತ್ರ

"ಇವಳು ಇನ್ನೂ ಸ್ವಲ್ಪ ನಗಬೇಕಲ್ಲಮ್ಮ," ಎಂದು ಇತಿಹಾಸದ ಮೇಷ್ಟ್ರು ನಾಲ್ಕನೇ ಚಿತ್ರದ ಮೇಲೆ ಬೆರಳಿಟ್ಟರು.

ಚಿತ್ರಗಾರ್ತಿಗೆ ಪಿತ್ತ ನೆತ್ತಿಗೇರಿತು. ಇದು ಆರನೇ ಸಲ. ಏಳನೇ ತರಗತಿಯ ಪುಸ್ತಕಕ್ಕೆ ಮೇಷ್ಟ್ರು ಬರೆದ 'ಗುಲಾಮಗಿರಿ: ಅಲ್ಲಿ ಮತ್ತು ಇಲ್ಲಿ' ಎಂಬ ಪಾಠ, ಒಂದು ಪುಟ, ನಾಲ್ಕು ಚಿತ್ರ. ಅಥೆನ್ಸಿನ ಬೆಳ್ಳಿ ಗಣಿ, ರೋಮಿನ ಬೀಸುವ ಕಲ್ಲು, ಅಮೆರಿಕದ ಹತ್ತಿ ಹೊಲ, ಕೊನೆಗೆ ತಮ್ಮದೇ ನಾಡಿನ ಒಂದು ಹಳೆಯ ದೊಡ್ಡಮನೆ. ಮಕ್ಕಳು ನಾಲ್ಕನ್ನೂ ಹೋಲಿಸಿ ನೋಡಬೇಕು. ಮೊದಲ ಮೂರನ್ನು ಮೇಷ್ಟ್ರು ಮೊದಲ ದಿನವೇ ಒಪ್ಪಿದ್ದರು. "ಭೇಷ್! ಆ ಸರಪಳಿ ಇನ್ನೊಂಚೂರು ದಪ್ಪ ಆಗ್ಲಿ. ಚಾಟಿ ಇನ್ನೊಂದು ಗೇಣು ಉದ್ದ ಇರ್ಲಿ. ಮಕ್ಕಳ ಮನಸ್ಸಿಗೆ ನಾಟ್ಬೇಕು," ಎಂದು ಹುರಿದುಂಬಿಸಿದ್ದರು. ಅವಳ ಜೀವ ತಿನ್ನುತ್ತಿದ್ದದ್ದು ನಾಲ್ಕನೆಯದು.

ಮೊದಲ ಸಲ ಅವಳು ಬರೆದದ್ದು ತಲೆಯ ಮೇಲೆ ಕೊಡ ಹೊತ್ತು ದೊಡ್ಡಮನೆಯ ಮೆಟ್ಟಿಲು ಹತ್ತುತ್ತಿದ್ದ ಒಬ್ಬ ಹೆಂಗಸನ್ನು. ಬರಿಗಾಲು, ತೋಳಿನ ಮೇಲೆ ಕಾದ ಕಬ್ಬಿಣದಿಂದ ಎಳೆದ ಬರೆ, ಹಿಂದೆ ಕೋಲು ಹಿಡಿದ ಒಡೆಯ. ಎಷ್ಟೋ ಕಾಲದ ಮೇಲೆ ಒಂದು ಒಳ್ಳೆಯ ಚಿತ್ರ ಬರೆದೆ ಎಂದು ಅವಳಿಗೇ ಖುಷಿಯಾಗಿತ್ತು. ಮೇಷ್ಟ್ರು "ನಮ್ಮಲ್ಲಿ ಇಷ್ಟೆಲ್ಲ ಇರ್ಲಿಲ್ಲಮ್ಮ" ಎಂದು ಕೋಲು ತೆಗೆಸಿದರು. ಮುಂದಿನ ಸಲ ಬರೆ ಹೋಯಿತು. ಆಮೇಲೆ ಕಾಲಿಗೆ ಚಪ್ಪಲಿ ಬಂತು, ಹೆಗಲಿಗೆ ಶಾಲು ಬಂತು, ಕೆನ್ನೆಗೆ ಮಾಂಸ ಬಂತು. ಹೋದ ವಾರ ಕೊಡವನ್ನೂ ಇಳಿಸಿ, "ಮನೆಮಂದಿ ಜೊತೆ ಊಟದ ಮೇಜಿಗೆ ಕೂರಿಸಿಬಿಡಿ. ನಮ್ಮೋರು ಇವರನ್ನ ಮನೆಮಕ್ಕಳ ಹಾಗೆ ನೋಡ್ಕೊಳ್ತಿದ್ರು," ಎಂದಿದ್ದರು. ಹಲ್ಲು ಕಚ್ಚಿಕೊಂಡು ಅದನ್ನೂ ಬರೆದು ತಂದಿದ್ದಳು. ಪ್ರಕಾಶನದ ಕಚೇರಿಯಲ್ಲಿ ಅವರಿಗೆ ರಬ್ಬರ್ ಮೇಷ್ಟ್ರು ಎಂಬ ಹೆಸರು ಸುಮ್ಮನೆ ಬಿದ್ದಿರಲಿಲ್ಲ.

"ಇನ್ನೂ ನಗಿಸಿದ್ರೆ ಹಲ್ಲುಪುಡಿ ಜಾಹೀರಾತಾಗುತ್ತೆ ಸಾರ್," ಎಂದಳು.

ಪಕ್ಕದಲ್ಲಿ ಕೂತಿದ್ದ ಪುಸ್ತಕದ ಸಂಪಾದಕ ಬೇಕೆಂದೇ ಕೆಮ್ಮಿದ. ಅವನು ಅವಳ ಮೈದುನ. ಈ ಕೆಲಸ ಕೊಡಿಸಿದ ಪಾಪವೂ ಅವನದೇ. "ಅತ್ತಿಗೆ, ನಿಮ್ಮ ದಮ್ಮಯ್ಯ. ನಾಳೆ ಪ್ರೆಸ್ಸಿಗೆ ಹೋಗ್ಲೇಬೇಕು. ಒಂದು ನಗು ತಾನೆ? ಬರೆದು ಕೈ ತೊಳ್ಕೊಳ್ಳಿ."

"ಕೈ ನೀನು ತೊಳ್ಕೋತೀಯಪ್ಪ. ಚಿತ್ರದ ಕೆಳಗೆ ಅಚ್ಚಾಗೋದು ನನ್ನ ಹೆಸರು. ಬರೋ ವರ್ಷ ನನ್ನ ಮಗಳೇ ಈ ಪುಸ್ತಕ ಓದ್ತಾಳೆ. ಅಮ್ಮ, ಇವರೆಲ್ಲ ಯಾರ ಮದುವೆಗೆ ಬಂದಿರೋದು ಅಂತ ಕೇಳಿದ್ರೆ ಏನು ಹೇಳ್ಲಿ?"

ಮೇಷ್ಟ್ರು ಸಿಟ್ಟಾಗಲಿಲ್ಲ. ಅವರು ಒಮ್ಮೆ ಸಿಟ್ಟಾಗಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಜೀವಮಾನವೆಲ್ಲ ಹಳೆಯ ಕಡತಗಳ ದೂಳು ಕುಡಿದ ಮನುಷ್ಯ. ಒಂದು ಇಸವಿ ತಪ್ಪಾಗಿ ಅಚ್ಚಾದರೆ ಊಟ ಬಿಡುವಂಥವರು. "ನೋಡಮ್ಮ, ಹೋಲಿಸಿದಾಗ ತಾನೆ ವ್ಯತ್ಯಾಸ ತಿಳಿಯೋದು? ಅವರದು ಕ್ರೌರ್ಯ. ನಮ್ಮದು ಒಂಥರಾ... ಆಶ್ರಯ," ಎಂದು ಮಗುವಿಗೆ ಹೇಳುವ ಹಾಗೆ ಹೇಳಿದರು.

ಆ ಮೆಲುದನಿಗೆ ಅವಳ ಮೈಯೆಲ್ಲ ಉರಿದುಹೋಯಿತು. ಹಾಳೆಯನ್ನು ಮೈದುನನ ಮುಂದಕ್ಕೆ ತಳ್ಳಿದಳು. "ಪಾಠದ ಕೊನೇಲಿ ನೀವೇ ಪ್ರಶ್ನೆ ಕೊಟ್ಟಿದೀರಲ್ಲ ಸಾರ್, 'ಪ್ರತಿ ಚಿತ್ರದಲ್ಲೂ ಗುಲಾಮರನ್ನು ಗುರುತಿಸಿ' ಅಂತ? ಇವನು ಈ ಚಿತ್ರ ಇನ್ನೂ ಸರಿಯಾಗಿ ನೋಡೇ ಇಲ್ಲ. ಹೇಳ್ಲಿ. ಏ, ಯಾರು ಹೇಳೋ ಇದರಲ್ಲಿ?"

ಮೈದುನ ಕನ್ನಡಕ ಏರಿಸಿಕೊಂಡು ಒಂದು ಗಳಿಗೆ ನೋಡಿದ. ಮೇಜಿನ ಸುತ್ತ ದೊಡ್ಡಮನೆಯ ಹಿರಿಯರು, ಹೆಂಗಸರು, ಮಕ್ಕಳು. ಎಲ್ಲರೂ ತುಂಬುಕೆನ್ನೆಯವರು, ಎಲ್ಲರ ಮೈಮೇಲೂ ಒಳ್ಳೆಯ ಬಟ್ಟೆ. ಅವನ ಬೆರಳು ನೇರವಾಗಿ ಶಾಲು ಹೊದ್ದವಳ ಮೇಲೆ ಹೋಗಿ ನಿಂತಿತು.

"ಇವಳು."

"ಹೇಗೆ ಗೊತ್ತಾಯ್ತು?"

"ಉಳಿದೋರೆಲ್ಲ ಅವರವರ ಪಾಡಿಗೆ ಉಣ್ತಿದಾರೆ. ಇವಳೊಬ್ಬಳು ಎಲ್ಲರ ತಟ್ಟೆ ನೋಡ್ತಿದಾಳೆ, ಯಾರಿಗೆ ಏನು ಮುಗೀತು ಅಂತ."

ಮೇಷ್ಟ್ರು ಗಾಬರಿಯಿಂದ ಬಗ್ಗಿ ನೋಡಿದರು. "ಹೌದಲ್ಲಮ್ಮ! ಕಣ್ಣು ಹಾಗೇ ಉಳಿದುಹೋಗಿದೆ. ತಿದ್ದಿಬಿಡಿ, ಎಲ್ಲರ ಹಾಗೆ ಅವಳೂ ತನ್ನ ತಟ್ಟೆ ನೋಡ್ಲಿ."

"ಯಾವ ತಟ್ಟೆ ಸಾರ್?"

ಮೂವರೂ ನೋಡಿದರು. ಶಾಲು ಹೊದ್ದವಳ ಮುಂದೆ ಮೇಜಿನ ಹಲಗೆ ಬರಿದಾಗಿತ್ತು.

"ಚಪ್ಪಲಿ ಅಂದ್ರಿ, ಹಾಕ್ದೆ. ಶಾಲು ಅಂದ್ರಿ, ಹೊದಿಸ್ದೆ. ಕೂರಿಸಿ ಅಂದ್ರಿ, ಕೂರಿಸ್ದೆ. ತಟ್ಟೆ ಕೊಡು ಅಂತ ಇಷ್ಟು ಸಲದಲ್ಲಿ ಒಂದ್ಸಲವೂ ನೀವು ಹೇಳ್ಲಿಲ್ಲ," ಎಂದಳು. ಅವಳಿಗೆ ವಾದ ಮಾಡುವ ಚೈತನ್ಯವೂ ಉಳಿದಿರಲಿಲ್ಲ. ಪೆನ್ಸಿಲ್ ಕೈಗೆತ್ತಿಕೊಂಡಳು. "ಬಿಡಿ, ಅದನ್ನೂ ಬರೆದುಬಿಡ್ತೀನಿ. ಒಂದು ಗೆರೆ ಸುತ್ತಿದ್ರೆ ಆಯ್ತು."

"ಬರೀರಿ ಅತ್ತಿಗೆ, ಬೇಗ ಬರೀರಿ," ಎಂದ ಮೈದುನ.

ಪೆನ್ಸಿಲ್ ಕಾಗದಕ್ಕೆ ತಾಗುವ ಮೊದಲೇ ಮೇಷ್ಟ್ರು ಹಾಳೆಯ ಮೇಲೆ ಅಂಗೈ ಅಡ್ಡ ಇಟ್ಟರು.

"ತಡಿಯಮ್ಮ," ಎಂದರು. ಅಷ್ಟು ದಿನದಲ್ಲಿ ಮೊದಲ ಸಲ ಅವರ ದನಿ ನಡುಗಿತು. "ತಟ್ಟೆ ಬೇಡ. ಅದು ತೀರಾ ಸುಳ್ಳಾಗಿಬಿಡುತ್ತೆ."